ಹದಿನಾರು ಸೆಕೆಂಡಿನ ನಷ್ಟ, ಪುಸ್ತಕಕ್ಕೆ ಬಾರದ ಗುಡ್‌ವಿಲ್

ಮೂರು ವಾರಗಳ ದುಡಿಮೆ, ಸುಮಾರು 3500 ಕಿಲೋಮೀಟರ್‌ಗಳ ದಾರಿ, ಡೆನ್ಮಾರ್ಕ್‌ನ ಸಮತಟ್ಟಾದ ರಸ್ತೆಗಳಿಂದ ಆಲ್ಪ್ಸ್ ಪರ್ವತದ ಹಿಮದ ನೆತ್ತಿಯವರೆಗಿನ ಪಯಣ. ಎಲ್ಲ ಮುಗಿದು ಲೆಕ್ಕ ಕಟ್ಟಿದಾಗ ಕಂಡುಬಂದ ಕೊರತೆ ಕೇವಲ 16 ಸೆಕೆಂಡುಗಳು. 2012ರ ಮೇ 27ರಂದು ಇಟಲಿಯ ಮಿಲಾನ್ ನಗರದಲ್ಲಿ ‘ಜಿರೊ ದಿ ಇಟಾಲಿಯಾ’ ಎಂಬ ಪ್ರಖ್ಯಾತ ಸೈಕಲ್ ಸ್ಪರ್ಧೆ ಮುಕ್ತಾಯಗೊಂಡಾಗ ಕ್ಯಾಟಲೋನಿಯಾದ ಜುವಾಕಿಮ್ ರೊಡ್ರಿಗೆಸ್ ಅವರ ಪಾಲಿಗೆ ಬಂದದ್ದು ಎರಡನೆಯ ಸ್ಥಾನ. ಗೆದ್ದವರು ಕೆನಡಾ ದೇಶದ ರೈಡರ್ ಹೆಸ್ಯೆಡಾಲ್.

ಗೆದ್ದವರು ತೆಗೆದುಕೊಂಡ ಒಟ್ಟು ಸಮಯ 91 ಗಂಟೆ, 39 ನಿಮಿಷ, 2 ಸೆಕೆಂಡು. ಸೆಕೆಂಡುಗಳಿಗೆ ಪರಿವರ್ತಿಸಿದರೆ 3,29,942. ಇದರಲ್ಲಿ 16 ಸೆಕೆಂಡುಗಳ ಪ್ರಮಾಣ ಲಕ್ಷಕ್ಕೆ ಐದಕ್ಕಿಂತಲೂ ಕಡಿಮೆ. ಒಂದು ಲಕ್ಷ ರೂಪಾಯಿಗಳ ವಹಿವಾಟಿನಲ್ಲಿ ಐದು ರೂಪಾಯಿ ಹೊಂದದಿದ್ದರೆ ಅನುಭವಿ ಗುಮಾಸ್ತನು ಅದನ್ನು ಸಣ್ಣಪುಟ್ಟ ಖರ್ಚಿನ ಖಾತೆಗೆ ಹಾಕಿ ಪುಸ್ತಕ ಮುಚ್ಚಿಬಿಡುತ್ತಾನೆ. ಕ್ರೀಡೆಯಲ್ಲಿ ಆ ಸೌಲಭ್ಯವಿಲ್ಲ. ಐದು ರೂಪಾಯಿ ಕಡಿಮೆ ಬಿದ್ದವನ ಹೆಸರು ವಿಜೇತರ ಪಟ್ಟಿಯಲ್ಲಿ ಸೇರುವುದಿಲ್ಲ.

ಆದರೂ ಈ ವ್ಯಕ್ತಿ ತಮ್ಮ ಕಾಲದ ಅತ್ಯಂತ ಜನಪ್ರಿಯ ಸೈಕಲ್ ಪಟುಗಳಲ್ಲೊಬ್ಬರಾಗಿ ಉಳಿದರು. ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ಮೂರು ಮಹಾಸ್ಪರ್ಧೆಗಳಲ್ಲಿ ಒಂದನ್ನೂ ಗೆಲ್ಲದವರಿಗೆ ಇಂಥ ಹೆಸರು ಬಂದದ್ದು ಹೇಗೆ ಎಂಬುದು, ಹೆಸರಿನ ಮೇಲೆಯೇ ವ್ಯಾಪಾರ ನಡೆಸುವ ವರ್ತಕ ಬಾಂಧವರಿಗೆ ಕುತೂಹಲಕರವಾದ ವಿಷಯ.

ಚುಟ್ಟಾ ಸೇದಿದ ಹುಡುಗ

ರೊಡ್ರಿಗೆಸ್ ಅವರು ಜನಿಸಿದ್ದು 1979ರ ಮೇ 12ರಂದು, ಬಾರ್ಸಿಲೋನಾ ಪ್ರಾಂತದ ಪರೆತ್ಸ್ ದೆಲ್ ವಾಲ್ಯೆಸ್ ಎಂಬ ಊರಿನಲ್ಲಿ. ಬಾರ್ಸಿಲೋನಾದ ಉತ್ತರಕ್ಕಿರುವ ಈ ಭಾಗ ಕಾರ್ಖಾನೆಗಳ ಪ್ರದೇಶ. ಕ್ಯಾಟಲೋನಿಯಾ ಮೊದಲಿನಿಂದಲೂ ಸ್ಪೇನ್ ದೇಶದ ಕೈಗಾರಿಕೆಯ ಬೆನ್ನೆಲುಬು. ಸೈಕಲ್ ಸ್ಪರ್ಧೆಯ ಅಭಿಮಾನವೂ ಅಲ್ಲಿ ಹಳೆಯದು. ‘ವೋಲ್ಟಾ ಅ ಕತಲೂನ್ಯ’ ಎಂಬ ಅಲ್ಲಿನ ಸ್ಪರ್ಧೆ 1911ರಲ್ಲೇ ಆರಂಭವಾಯಿತು. ಸ್ಪೇನ್ ದೇಶದ ಮಹಾಸ್ಪರ್ಧೆಯಾದ ‘ವುಯೆಲ್ಟಾ’ ಹುಟ್ಟಿದ್ದು ಆಮೇಲೆ, 1935ರಲ್ಲಿ.

ಅದೇ ನೆಲದಿಂದ ಹಿಂದೊಮ್ಮೆ ಮಿಗೆಲ್ ಪೊಬ್ಲೆತ್ ಎಂಬ ವೇಗಶಾಲಿ ಬಂದಿದ್ದರು. ಟೂರ್ ದ ಫ್ರಾನ್ಸ್‌ನಲ್ಲಿ 1955ರಲ್ಲಿ ಹಳದಿ ಅಂಗಿ ತೊಟ್ಟ ಮೊದಲ ಸ್ಪೇನ್ ಪ್ರಜೆ ಅವರೇ. ಮಿಲಾನ್–ಸಾನ್‌ರೆಮೊ ಸ್ಪರ್ಧೆಯನ್ನು 1957 ಮತ್ತು 1959ರಲ್ಲಿ ಗೆದ್ದರು. ಆಗ ಅವರ ಅಂಗಿಯ ಮೇಲಿದ್ದದ್ದು ‘ಇಗ್ನಿಸ್’ ಎಂಬ ಇಟಲಿಯ ರೆಫ್ರಿಜರೇಟರ್ ಕಂಪನಿಯ ಹೆಸರು. ಸೈಕಲ್ ತಯಾರಕರಷ್ಟೇ ತಂಡಗಳಿಗೆ ಹಣ ಕೊಡುತ್ತಿದ್ದ ಕಾಲ ಮುಗಿದು, ಸೈಕಲ್ಲಿಗೆ ಸಂಬಂಧವೇ ಇಲ್ಲದ ಸರಕುಗಳ ತಯಾರಕರು ಸವಾರನ ಬೆನ್ನನ್ನು ಜಾಹೀರಾತು ಫಲಕವಾಗಿ ಕಾಣತೊಡಗಿದ್ದು ಆ ದಶಕದಲ್ಲಿಯೇ.

ರೊಡ್ರಿಗೆಸ್ ಅವರು ವೃತ್ತಿಗೆ ಕಾಲಿಟ್ಟದ್ದು 2001ರಲ್ಲಿ, ‘ಒನ್ಸೆ–ಎರೊಸ್ಕಿ’ ತಂಡದ ಮೂಲಕ. ಹೊಸಬರಾಗಿದ್ದಾಗ ನಡೆದ ಒಂದು ತರಬೇತಿಯ ಕಥೆಯನ್ನು ಸೈಕಲ್ ಜಗತ್ತಿನಲ್ಲಿ ಎಲ್ಲರೂ ಹೇಳುತ್ತಾರೆ. ಬೆಟ್ಟದ ಏರುದಾರಿಯಲ್ಲಿ ತಂಡದ ಹಿರಿಯರೆಲ್ಲ ಏದುಸಿರು ಬಿಡುತ್ತಾ ತುಳಿಯುತ್ತಿದ್ದಾಗ ಈ ಹುಡುಗ ಅವರನ್ನು ದಾಟಿ ಮುಂದೆ ಹೋಗುತ್ತಾ, ಎರಡು ಬೆರಳುಗಳನ್ನು ತುಟಿಗಿಟ್ಟು ಚುಟ್ಟಾ ಸೇದುವವನಂತೆ ಅಭಿನಯಿಸಿದನಂತೆ. ‘ಇದೇನು ಮಹಾ ಏರು, ಹೊಗೆ ಬಿಡುತ್ತಾ ಹತ್ತಬಹುದು’ ಎಂಬ ತುಂಟತನ. ಹಿರಿಯರು ಸುಮ್ಮನೆ ಬಿಡಲಿಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ನಿಜವಾದ ಚುಟ್ಟಾ ಕೊಟ್ಟು ಸೇದಿಸಿದರು. ಸ್ಪ್ಯಾನಿಷ್ ಭಾಷೆಯಲ್ಲಿ ಸಣ್ಣ ಚುಟ್ಟಾಕ್ಕೆ ‘ಪುರಿತೊ’ ಎನ್ನುತ್ತಾರೆ. ಅಂದಿನಿಂದ ಜುವಾಕಿಮ್ ಹೋಗಿ ಪುರಿತೊ ಆದರು. ಶಿಕ್ಷೆಯಾಗಿ ಬಂದ ಹೆಸರು ಅವರ ಬದುಕಿನ ಬ್ರ್ಯಾಂಡ್ ಆಯಿತು.

ಅಂಗಿಯ ಮೇಲಿನ ಅಂಗಡಿಗಳು

ಈ ಕ್ರೀಡೆಯ ಆರ್ಥಿಕ ಸ್ವರೂಪವನ್ನು ಇಲ್ಲಿ ತುಸು ವಿವರಿಸುವುದು ಅಗತ್ಯ. ಕ್ರಿಕೆಟ್ಟಿಗೆ ಮೈದಾನವಿದೆ, ಬಾಗಿಲಿದೆ, ಟಿಕೆಟ್ಟಿದೆ. ರಸ್ತೆಯ ಮೇಲೆ ನಡೆಯುವ ಸೈಕಲ್ ಸ್ಪರ್ಧೆಗೆ ಬಾಗಿಲೇ ಇಲ್ಲ. ಲಕ್ಷಗಟ್ಟಲೆ ಜನ ದಾರಿಯ ಇಕ್ಕೆಲಗಳಲ್ಲಿ ನಿಂತು ಪುಕ್ಕಟೆ ನೋಡುತ್ತಾರೆ. ದೂರದರ್ಶನ ಪ್ರಸಾರದ ಹಕ್ಕಿನ ಹಣ ಸ್ಪರ್ಧೆಯ ಆಯೋಜಕರಿಗೆ ಸೇರುತ್ತದೆ. ತಂಡಕ್ಕೆ ಬರುವ ಆದಾಯವೆಂದರೆ ಬಹುಮಟ್ಟಿಗೆ ಪ್ರಾಯೋಜಕ ಕೊಡುವ ಹಣವೇ. ಆದ್ದರಿಂದಲೇ ತಂಡದ ಹೆಸರೇ ಪ್ರಾಯೋಜಕನ ಹೆಸರು. ಪ್ರಾಯೋಜಕ ಕೈಬಿಟ್ಟ ದಿನ ತಂಡವೂ ಇಲ್ಲ. ಒಬ್ಬನೇ ಗಿರಾಕಿಯನ್ನು ನಂಬಿ ನಡೆಯುವ ಸಣ್ಣ ಕೈಗಾರಿಕೆಯ ಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಪುರಿತೊ ತೊಟ್ಟ ಅಂಗಿಗಳ ಪಟ್ಟಿಯನ್ನು ಓದಿದರೆ ಒಂದು ಪೇಟೆ ಬೀದಿಯಲ್ಲಿ ನಡೆದಂತಾಗುತ್ತದೆ. ‘ಒನ್ಸೆ’ ಎಂಬುದು ಲಾಟರಿ ಚೀಟಿ ಮಾರಿ ಹಣ ಸಂಗ್ರಹಿಸುವ ಸ್ಪೇನ್ ದೇಶದ ಅಂಧರ ಸಂಘಟನೆ. ‘ಎರೊಸ್ಕಿ’ ಬಾಸ್ಕ್ ಪ್ರದೇಶದ ಸಹಕಾರಿ ಸೂಪರ್ ಮಾರ್ಕೆಟ್. ಒನ್ಸೆಯ ಅಂಗಿ ಹಳದಿ ಬಣ್ಣದ್ದಾದ್ದರಿಂದ ಟೂರ್ ದ ಫ್ರಾನ್ಸ್‌ನಲ್ಲಿ ಮುಂಚೂಣಿಯ ಸವಾರನ ಹಳದಿ ಅಂಗಿಯೊಡನೆ ಗೊಂದಲವಾಗದಂತೆ ಆ ತಂಡ ಗುಲಾಬಿ ಬಣ್ಣ ತೊಡುತ್ತಿತ್ತು ಎಂಬುದು ಸ್ವಾರಸ್ಯಕರ ಸಂಗತಿ. 2003ರ ಅಂತ್ಯಕ್ಕೆ ಒನ್ಸೆ ಹಿಂದೆ ಸರಿಯಿತು. 2004ರಲ್ಲಿ ಪುರಿತೊ ಸೇರಿದ್ದು ‘ಸೊನಿಯೆ ದುವಾಲ್–ಪ್ರೊದಿರ್’. ಮೊದಲನೆಯದು ನೀರು ಮತ್ತು ಮನೆ ಕಾಯಿಸುವ ಬಾಯ್ಲರ್‌ಗಳ ತಯಾರಕ ಸಂಸ್ಥೆ, ಎರಡನೆಯದು ಜಾಹೀರಾತಿಗಾಗಿ ಹಂಚುವ ಪೆನ್ನುಗಳನ್ನು ಮಾಡುವ ಸ್ವಿಟ್ಜರ್ಲೆಂಡಿನ ಕಂಪನಿ. 2006ರಲ್ಲಿ ‘ಕೇಸ್ ದೆಪಾರ್ಞ್’, ಅಂದರೆ ಫ್ರಾನ್ಸ್ ದೇಶದ ಉಳಿತಾಯ ಬ್ಯಾಂಕು. 2010ರಲ್ಲಿ ರಷ್ಯಾದ ‘ಕತ್ಯೂಷಾ’, ಅದರ ಬೆನ್ನಿಗೆ ಅನಿಲ ವ್ಯಾಪಾರದ ಭಾರೀ ಸಂಸ್ಥೆಗಳು.

ಪ್ರಾಯೋಜಕರ ಈ ಹಣಕ್ಕೆ ಅಪಾಯವೂ ಅಂಟಿಕೊಂಡಿರುತ್ತದೆ. 2008ರ ಟೂರ್‌ನಲ್ಲಿ ಸೊನಿಯೆ ದುವಾಲ್ ತಂಡದ ಸವಾರರೊಬ್ಬರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಬಾಯ್ಲರ್ ಕಂಪನಿ ತನ್ನ ಹೆಸರನ್ನು ಹಿಂತೆಗೆದುಕೊಂಡಿತು. ಪುರಿತೊ ಆ ವೇಳೆಗೆ ಬೇರೆ ತಂಡದಲ್ಲಿದ್ದರು. ಅವರ ವೃತ್ತಿಜೀವನದಲ್ಲಿ ಅಂಥ ಶಿಕ್ಷೆ ಯಾವುದೂ ದಾಖಲಾಗಲಿಲ್ಲ. ಹೆಸರು ಮಾಡಲೆಂದು ಕೊಟ್ಟ ಹಣ ಹೆಸರು ಕೆಡಿಸಿದ ಸಂದರ್ಭಗಳು ಆ ದಶಕದಲ್ಲಿ ಒಂದೆರಡಲ್ಲ.

ಮೂವತ್ತರಲ್ಲಿ ಯಜಮಾನಿಕೆ

ಸೈಕಲ್ ತಂಡದಲ್ಲಿ ಎಲ್ಲರೂ ಗೆಲ್ಲಲು ಓಡುವುದಿಲ್ಲ. ಒಬ್ಬ ನಾಯಕ, ಉಳಿದವರು ಅವನಿಗೆ ಗಾಳಿ ತಡೆಯುವವರು, ನೀರಿನ ಬಾಟಲಿ ತರುವವರು, ಅವನ ಚಕ್ರ ಕೆಟ್ಟರೆ ತಮ್ಮದನ್ನು ಬಿಚ್ಚಿ ಕೊಡುವವರು. ಕೇಸ್ ದೆಪಾರ್ಞ್ ತಂಡದಲ್ಲಿ ನಾಯಕತ್ವ ಅಲೆಹಾಂದ್ರೊ ವಾಲ್ವೆರ್ದೆ ಅವರದು. ಪುರಿತೊ ನಾಲ್ಕು ವರ್ಷ ಆ ನೆರಳಿನಲ್ಲಿ ದುಡಿದರು. ಸಂದರ್ಭ ಸಿಕ್ಕಾಗ ಸ್ವಂತ ಗಳಿಕೆಯೂ ಇತ್ತು. 2007ರಲ್ಲಿ ಸ್ಪೇನ್ ದೇಶದ ರಸ್ತೆ ಚಾಂಪಿಯನ್ ಆದರು. 2009ರಲ್ಲಿ ಸ್ವಿಟ್ಜರ್ಲೆಂಡಿನ ಮೆಂಡ್ರಿಸಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಪಡೆದರು. ಅದೇ ವರ್ಷ ವಾಲ್ವೆರ್ದೆ ಅವರು ವುಯೆಲ್ಟಾ ಗೆದ್ದಾಗ ನೆರವಿಗಿದ್ದವರಲ್ಲಿ ಪುರಿತೊ ಕೂಡ ಒಬ್ಬರು.

ಮೂವತ್ತು ವಯಸ್ಸು ದಾಟಿದ ಮೇಲೆ ಭದ್ರವಾದ ನೌಕರಿ ಬಿಟ್ಟು ಸ್ವಂತ ಅಂಗಡಿ ತೆರೆಯುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. 2010ರಲ್ಲಿ ಕತ್ಯೂಷಾ ತಂಡದ ನಾಯಕರಾಗಿ ಹೋದ ಪುರಿತೊ ಅದೇ ವರ್ಷ ತಮ್ಮ ಮನೆಯ ಸ್ಪರ್ಧೆಯಾದ ವೋಲ್ಟಾ ಅ ಕತಲೂನ್ಯವನ್ನು ಗೆದ್ದರು. ಟೂರ್ ದ ಫ್ರಾನ್ಸ್‌ನ ಮಾಂದ್ ಹಂತದಲ್ಲಿ ಆಲ್ಬರ್ಟೊ ಕಾಂತದೋರ್ ಅವರನ್ನು ಹಿಂದಿಕ್ಕಿದರು. ವರ್ಷಾಂತ್ಯಕ್ಕೆ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟದ ಜಾಗತಿಕ ಶ್ರೇಯಾಂಕದಲ್ಲಿ ಪ್ರಥಮರಾದರು. 2012 ಮತ್ತು 2013ರಲ್ಲಿಯೂ ವರ್ಷವಿಡೀ ನಡೆಯುವ ವಿಶ್ವ ಸರಣಿಯ ಅಗ್ರಸ್ಥಾನ ಅವರದೇ ಆಯಿತು. ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಜಗತ್ತಿನ ಮೊದಲಿಗರು.

ಐದೂವರೆ ಅಡಿ ಎತ್ತರದ ಹಗುರ ದೇಹ ಅವರ ಬಂಡವಾಳ. ಏರುದಾರಿಯಲ್ಲಿ ಸವಾರ ತನ್ನ ತೂಕವನ್ನೇ ಮೇಲಕ್ಕೆ ಹೊರಬೇಕಾದ್ದರಿಂದ ಹಗುರವಾಗಿರುವವನಿಗೆ ಲಾಭ. ಏರು ಕಡಿದಾದಷ್ಟೂ ಲಾಭ ಹೆಚ್ಚು. ಬೆಲ್ಜಿಯಂ ದೇಶದ ‘ಮ್ಯೂರ್ ದ ವಿ’ ಎಂಬ ಗೋಡೆಯಂಥ ರಸ್ತೆಯ ಉದ್ದ ಕೇವಲ 1.3 ಕಿಲೋಮೀಟರ್, ಆದರೆ ಸರಾಸರಿ ಏರು ನೂರಕ್ಕೆ ಒಂಬತ್ತಕ್ಕೂ ಮೇಲೆ, ತಿರುವುಗಳಲ್ಲಿ ಅದರ ಇಮ್ಮಡಿ. ಅಲ್ಲಿ ಮುಗಿಯುವ ಫ್ಲೆಶ್ ವಾಲೋನ್ ಸ್ಪರ್ಧೆಯನ್ನು ಪುರಿತೊ 2012ರಲ್ಲಿ ಗೆದ್ದರು. 2015ರ ಟೂರ್‌ನ ಒಂದು ಹಂತವನ್ನೂ ಅದೇ ಗೋಡೆಯ ಮೇಲೆ ಗೆದ್ದರು. ಕೊನೆಯ ಒಂದು ಕಿಲೋಮೀಟರ್‌ವರೆಗೆ ಗುಂಪಿನಲ್ಲಿ ಅಡಗಿದ್ದು, ಎಲ್ಲರ ಕಾಲು ಸೋತಾಗ ಪೆಡಲಿನ ಮೇಲೆ ಎದ್ದು ನಿಂತು ಚಿಮ್ಮುವುದು ಅವರ ವಿಧಾನ.

ಆ ಬಂಡವಾಳಕ್ಕೆ ಒಂದು ದೊಡ್ಡ ಹೊರೆಯೂ ಜೊತೆಯಾಗಿತ್ತು. ‘ಟೈಮ್ ಟ್ರಯಲ್’ ಎಂಬ ಹಂತದಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುತ್ತಾರೆ. ಗುಂಪಿನ ಮರೆಯಿಲ್ಲ, ಗಾಳಿಯನ್ನು ಒಬ್ಬನೇ ಸೀಳಬೇಕು. ಸಮತಟ್ಟಾದ ರಸ್ತೆಯಲ್ಲಿ ಹಗುರ ದೇಹದ ಲಾಭ ಸೊನ್ನೆ. ಬೇಕಾದದ್ದು ದೊಡ್ಡ ಸ್ನಾಯುಗಳ ಅಖಂಡ ಶಕ್ತಿ. ಪುರಿತೊ ಬೆಟ್ಟಗಳಲ್ಲಿ ಹತ್ತು ಹದಿನೈದು ಸೆಕೆಂಡುಗಳಂತೆ ಚಿಲ್ಲರೆಯಾಗಿ ಗಳಿಸಿದ್ದನ್ನು ಟೈಮ್ ಟ್ರಯಲ್ ಒಂದೇ ದಿನದಲ್ಲಿ ಸಗಟಾಗಿ ಕೊಂಡೊಯ್ಯುತ್ತಿತ್ತು.

2012: ಲಾಭವೂ ನಷ್ಟವೂ ಒಂದೇ ಪುಟದಲ್ಲಿ

ಆ ವರ್ಷದ ಜಿರೊದಲ್ಲಿ ಪುರಿತೊ ಅಸ್ಸೀಸಿ ಪಟ್ಟಣದ ಏರಿನ ಮೇಲೆ ಹಂತ ಗೆದ್ದು ಗುಲಾಬಿ ಅಂಗಿ ತೊಟ್ಟರು. ನಡುವೆ ಅದು ಹೆಸ್ಯೆಡಾಲ್ ಅವರಿಗೆ ಹೋಯಿತು. ಮರುದಿನವೇ ಹಿಂದಕ್ಕೆ ಬಂತು. ಕೊರ್ತಿನಾ ದಂಪೆಟ್ಸೊದಲ್ಲಿ ಗುಲಾಬಿ ಅಂಗಿಯಲ್ಲೇ ಇನ್ನೊಂದು ಹಂತ ಗೆದ್ದರು. ಕೊನೆಯ ಎರಡು ದಿನಗಳು ಉಳಿದಿದ್ದಾಗ ಮುನ್ನಡೆ 17 ಸೆಕೆಂಡು. ಇಟಲಿಯ ಅತಿ ಎತ್ತರದ ರಸ್ತೆಗಳಲ್ಲೊಂದಾದ ಸ್ಟೆಲ್ವಿಯೊ ಕಣಿವೆಯ ನೆತ್ತಿಯಲ್ಲಿ ಅದಕ್ಕೆ 14 ಸೆಕೆಂಡು ಸೇರಿ 31 ಆಯಿತು. ಉಳಿದದ್ದು ಮಿಲಾನ್ ನಗರದೊಳಗೆ ಸುಮಾರು 28 ಕಿಲೋಮೀಟರ್‌ಗಳ ಟೈಮ್ ಟ್ರಯಲ್. ಎತ್ತರದ, ಬಲಿಷ್ಠ ಮೈಕಟ್ಟಿನ ಹೆಸ್ಯೆಡಾಲ್ ಅದನ್ನು ಪುರಿತೊಗಿಂತ 47 ಸೆಕೆಂಡು ಮೊದಲು ಮುಗಿಸಿದರು. 31 ಜಮೆ, 47 ಖರ್ಚು, ಬಾಕಿ 16.

ಅದೇ ಸ್ಪರ್ಧೆಯ ಇನ್ನೊಂದು ಖಾತೆಯನ್ನೂ ನೋಡಬೇಕು. ಹಂತಗಳಲ್ಲಿ ಪಡೆದ ಸ್ಥಾನಗಳಿಗೆ ಅಂಕ ಕೊಟ್ಟು ಪ್ರತ್ಯೇಕ ಬಹುಮಾನ ನೀಡುವ ಪದ್ಧತಿ ಜಿರೊದಲ್ಲಿದೆ. ಅದರಲ್ಲಿ ಪುರಿತೊಗೆ 139 ಅಂಕ, ಬ್ರಿಟನ್ನಿನ ವೇಗದ ಸರದಾರ ಮಾರ್ಕ್ ಕ್ಯಾವೆಂಡಿಷ್ ಅವರಿಗೆ 138. ಹದಿನಾರು ಸೆಕೆಂಡಿನಲ್ಲಿ ಕಳೆದುಕೊಂಡವರು ಒಂದೇ ಅಂಕದಲ್ಲಿ ಗಳಿಸಿದರು. ಅದೃಷ್ಟ ತಮ್ಮ ಕಡೆ ಇರಲಿಲ್ಲವೆಂದು ದೂರಲು ಅವರಿಗೂ ಪೂರ್ತಿ ಹಕ್ಕಿಲ್ಲ.

ವುಯೆಲ್ಟಾದ ಕಥೆ ಇನ್ನೂ ಕಠಿಣ. ಅಲ್ಲಿ ಮೂರು ಹಂತಗಳನ್ನು ಗೆದ್ದು, ಕೆಂಪು ಅಂಗಿ ತೊಟ್ಟು, 17ನೆಯ ಹಂತದ ಬೆಳಗ್ಗೆ ಕಾಂತದೋರ್ ಅವರಿಗಿಂತ 28 ಸೆಕೆಂಡು ಮುಂದಿದ್ದರು. ಕಡಿದಾದ ಏರುಗಳಲ್ಲಿ ಕಾಂತದೋರ್ ಎಷ್ಟು ಪ್ರಯತ್ನಿಸಿದರೂ ಪುರಿತೊ ಅಲುಗಿರಲಿಲ್ಲ. ಅಂದು ಫುವೆಂತೆ ದೇ ಎಂಬಲ್ಲಿಗೆ ಹೋಗುವ ದಾರಿ ಅಷ್ಟೇನೂ ಭಯಂಕರವಲ್ಲ. ಯಾರೂ ನಿರೀಕ್ಷಿಸದ ಕಡೆ, ಗುರಿ ಇನ್ನೂ ಬಹುದೂರವಿರುವಾಗಲೇ ಕಾಂತದೋರ್ ಹೊರಟುಹೋದರು. ಪುರಿತೊ ಬಳಿ ಬೆನ್ನಟ್ಟಲು ಸಹಾಯಕರು ಉಳಿದಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ 2 ನಿಮಿಷ 38 ಸೆಕೆಂಡುಗಳ ನಷ್ಟ. ಅಂತಿಮವಾಗಿ ಮೂರನೆಯ ಸ್ಥಾನ. ಇದನ್ನು ದುರದೃಷ್ಟ ಎನ್ನುವುದು ಸರಿಯಲ್ಲ. ಎದುರಾಳಿ ಯಾವ ದಿನ, ಯಾವ ದಾರಿಯಲ್ಲಿ ಬರಬಹುದೆಂಬ ಅಂದಾಜಿನಲ್ಲಿ ಆದ ತಪ್ಪು ಅದು. ಬೆಟ್ಟದ ಬಾಗಿಲಿಗೆ ಬೀಗ ಹಾಕಿ ಕಾದು ಕೂತಿದ್ದಾಗ ಹಿತ್ತಿಲಿನಿಂದ ಮಾಲು ಹೋಯಿತು.

ಸೋತು ಕೂರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ, ಮಳೆಯಲ್ಲಿ ತೋಯ್ದ ಲೊಂಬಾರ್ದಿಯ ಸ್ಪರ್ಧೆಯನ್ನು ಗೆದ್ದರು. ಒಂದು ದಿನದ ಐದು ಶ್ರೇಷ್ಠ ಸ್ಪರ್ಧೆಗಳಲ್ಲಿ ಅದೂ ಒಂದು.

ಪರವಾನಗಿಯ ಸಂಕಟ

ವ್ಯಾಪಾರಸ್ಥರಿಗೆ ಚೆನ್ನಾಗಿ ಅರ್ಥವಾಗುವ ಪ್ರಸಂಗ ಇದರ ಬೆನ್ನಿಗೇ ಬಂತು. ವರ್ಷದ ಅಗ್ರಶ್ರೇಯಾಂಕಿತ ಸವಾರನನ್ನು ಹೊಂದಿದ್ದ ಕತ್ಯೂಷಾ ತಂಡಕ್ಕೆ 2013ರ ವಿಶ್ವ ಸರಣಿಯ ಪರವಾನಗಿಯನ್ನು ಒಕ್ಕೂಟದ ಪರವಾನಗಿ ಆಯೋಗ 2012ರ ಡಿಸೆಂಬರ್‌ನಲ್ಲಿ ನಿರಾಕರಿಸಿತು. ಮಾಲು ಅತ್ಯುತ್ತಮ, ಗಿರಾಕಿಗಳು ಸಿದ್ಧ, ಆದರೆ ಲೈಸೆನ್ಸ್ ನವೀಕರಣವಾಗಿಲ್ಲ. ಪರವಾನಗಿಯಿಲ್ಲದ ತಂಡ ಪ್ರತಿ ದೊಡ್ಡ ಸ್ಪರ್ಧೆಗೂ ಆಯೋಜಕರ ಆಮಂತ್ರಣಕ್ಕಾಗಿ ಕೈಯೊಡ್ಡಬೇಕು. ತಂಡವು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಮೆಟ್ಟಿಲೇರಿತು. 2013ರ ಫೆಬ್ರುವರಿಯಲ್ಲಿ ತೀರ್ಪು ತಂಡದ ಪರವಾಗಿ ಬಂತು. ಹದಿನೆಂಟಿದ್ದ ತಂಡಗಳ ಸಂಖ್ಯೆ ಹತ್ತೊಂಬತ್ತಾಯಿತು. ಆ ಜುಲೈನಲ್ಲಿ ನೂರನೆಯ ಟೂರ್ ದ ಫ್ರಾನ್ಸ್‌ನಲ್ಲಿ ಪುರಿತೊ ಮೂರನೆಯವರಾಗಿ ಪ್ಯಾರಿಸ್‌ನ ವೇದಿಕೆ ಏರಿದರು.

ಸೆಪ್ಟೆಂಬರ್ 29ರಂದು ಫ್ಲಾರೆನ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ದಿನವಿಡೀ ಮಳೆ. ವರ್ಷವಿಡೀ ಕಂಪನಿಗಳ ಅಂಗಿ ತೊಡುವವರು ಆ ಒಂದು ದಿನ ದೇಶದ ಅಂಗಿ ತೊಡುತ್ತಾರೆ. ಕೊನೆಯ ಘಟ್ಟದಲ್ಲಿ ಪುರಿತೊ ಒಬ್ಬರೇ ಮುಂದೆ. ಹಿಂದೆ ಸ್ವದೇಶದ ವಾಲ್ವೆರ್ದೆ, ಪೋರ್ಚುಗಲ್ಲಿನ ರೂಯಿ ಕೋಸ್ಟಾ, ಇಟಲಿಯ ವಿನ್ಚೆಂಜೊ ನಿಬಾಲಿ. ಕೋಸ್ಟಾ ಗುಂಪಿನಿಂದ ಜಿಗಿದು ಬೆನ್ನಟ್ಟಿದಾಗ ವಾಲ್ವೆರ್ದೆ ಹಿಂಬಾಲಿಸಲಿಲ್ಲ. ಕಾಲಿನಲ್ಲಿ ಶಕ್ತಿಯಿರಲಿಲ್ಲವೆಂದು ಬಳಿಕ ಹೇಳಿದರು. ಕೋಸ್ಟಾ ಪುರಿತೊ ಅವರನ್ನು ಹಿಡಿದು, ಅಂತಿಮ ಓಟದಲ್ಲಿ ಹಿಂದೆ ಹಾಕಿ ಚಿನ್ನ ಗೆದ್ದರು. ಕೋಸ್ಟಾ ಮತ್ತು ವಾಲ್ವೆರ್ದೆ ಆ ವರ್ಷ ಒಂದೇ ಕಂಪನಿಯ ತಂಡದ ಸವಾರರೆಂಬ ಮಾತನ್ನು ಸ್ಪೇನ್‌ನ ಅಭಿಮಾನಿಗಳು ಬಹುಕಾಲ ಬಿಡಲಿಲ್ಲ. ಬೆಳ್ಳಿಯ ಪದಕ ಕೊರಳಲ್ಲಿ ಧರಿಸಿ ಪುರಿತೊ ವೇದಿಕೆಯ ಮೇಲೆಯೇ ಕಣ್ಣೀರಿಟ್ಟರು. ಚುಟ್ಟಾ ಸೇದುವ ತಮಾಷೆಯ ಮನುಷ್ಯ ಅಳುವುದನ್ನು ಜಗತ್ತು ಕಂಡಿತು. ಒಂದು ವಾರ ಕಳೆಯಿತು. ಅಕ್ಟೋಬರ್ 6ರಂದು ಲೊಂಬಾರ್ದಿಯವನ್ನು ಮತ್ತೊಮ್ಮೆ ಗೆದ್ದರು. ಎರಡನೆಯ ಸ್ಥಾನದಲ್ಲಿದ್ದವರು ವಾಲ್ವೆರ್ದೆ.

ಪುಸ್ತಕದಲ್ಲಿ ಕಾಣದ ಆಸ್ತಿ

ಭಾರತದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯು ತಾನೇ ದುಡಿದು ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಆಸ್ತಿಯೆಂದು ಲೆಕ್ಕಪತ್ರದಲ್ಲಿ ತೋರಿಸುವಂತಿಲ್ಲ. ಮೂರು ತಲೆಮಾರಿನ ಅಂಗಡಿಯ ಒಳ್ಳೆಯ ಹೆಸರಿಗೂ ಆಸ್ತಿ–ಹೊಣೆ ತಃಖ್ತೆಯಲ್ಲಿ ಜಾಗವಿಲ್ಲ. ಅದರ ಬೆಲೆ ತಿಳಿಯುವುದು ಬೇರೊಬ್ಬರು ಕೊಳ್ಳಲು ಬಂದಾಗ ಮಾತ್ರ. ಪುರಿತೊ ಅವರ ಜನಪ್ರಿಯತೆಯೂ ಇಂಥದೇ ಆಸ್ತಿ. ವಿಜೇತರ ಪಟ್ಟಿ ನೋಡಿದರೆ ಅದು ಕಾಣುವುದಿಲ್ಲ.

ಅದು ಸಂಚಯವಾದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಅವರು ಗೆಲ್ಲುತ್ತಿದ್ದುದು ಕಡಿದಾದ ಏರುಗಳಲ್ಲಿ; ಅಲ್ಲಿ ಸವಾರ ನಿಧಾನವಾಗುತ್ತಾನೆ, ಜನ ಕೈಯಳತೆಯಲ್ಲಿ ನಿಲ್ಲುತ್ತಾರೆ, ಮುಖದ ಬೆವರೂ ಕಾಣುತ್ತದೆ. ಸಣ್ಣ ಮೈಕಟ್ಟಿನವನು ದೊಡ್ಡವರನ್ನು ಹಿಂದೆ ಹಾಕುವುದನ್ನು ನೋಡಲು ಎಲ್ಲ ದೇಶಗಳಲ್ಲೂ ಜನ ಇಷ್ಟಪಡುತ್ತಾರೆ. ಸೋತ ಸಂಜೆಯೂ ಗೆದ್ದವನನ್ನು ಅಭಿನಂದಿಸಿ ಪತ್ರಕರ್ತರೊಡನೆ ನಗುತ್ತಾ ಮಾತನಾಡುವ ಸ್ವಭಾವ. ಎಲ್ಲಕ್ಕೂ ಮಿಗಿಲಾಗಿ ಆ ಹೆಸರು. ಲಾಟರಿ, ಬಾಯ್ಲರ್, ಬ್ಯಾಂಕು, ಅನಿಲ ಎಂದು ಅಂಗಿಯ ಮೇಲಿನ ಅಕ್ಷರಗಳು ಬದಲಾದವು. ದಾರಿಬದಿಯ ಕೂಗು ಮಾತ್ರ ಪುರಿತೊ ಎಂದೇ ಉಳಿಯಿತು. ಕೋಟಿಗಟ್ಟಲೆ ಸುರಿದ ಪ್ರಾಯೋಜಕರಿಗಿಂತ, ಒಂದು ಚುಟ್ಟಾದ ಬೆಲೆಗೆ ಬಂದ ಅಡ್ಡಹೆಸರು ಹೆಚ್ಚು ಬಾಳಿಕೆ ಬಂತು.

ಆ ಹೆಸರಿಗೆ ಬೆಲೆ ಕಟ್ಟಿದವರು ಆಂಡೋರಾದವರು. ಪಿರನೀಸ್ ಪರ್ವತಗಳ ನಡುವಿನ ಆ ಪುಟ್ಟ ದೇಶದಲ್ಲಿ ಪುರಿತೊ ನೆಲೆಸಿದ್ದರು. ಪ್ರವಾಸಿಗರೇ ಅಲ್ಲಿನ ವ್ಯಾಪಾರದ ಜೀವಾಳ. 2015ರ ವುಯೆಲ್ಟಾದಲ್ಲಿ ಆಂಡೋರಾದೊಳಗೆ ನಡೆಯುವ 11ನೆಯ ಹಂತದ ದಾರಿಯನ್ನು ರೂಪಿಸುವ ಕೆಲಸ ಅವರಿಗೆ ಬಂತು. 138 ಕಿಲೋಮೀಟರ್, ಏರಿನ ಮೇಲೆ ಏರು. ಅನೇಕರು ಅದನ್ನು ಆ ಸ್ಪರ್ಧೆಯ ಅತಿ ಕಠಿಣ ಹಂತಗಳಲ್ಲಿ ಎಣಿಸಿದರು. ತಾವೇ ಬರೆದ ಆ ದಾರಿಯಲ್ಲಿ ಲಾಭವಾದದ್ದು ಮಾತ್ರ ಇಟಲಿಯ ಫಾಬಿಯೊ ಅರು ಅವರಿಗೆ. ಕೆಂಪು ಅಂಗಿ ಅವರ ಪಾಲಾಯಿತು. ಐದು ಹಂತಗಳ ನಂತರ ಪುರಿತೊ ಅದನ್ನು ಕಿತ್ತುಕೊಂಡರು, ಒಂದೇ ಒಂದು ಸೆಕೆಂಡಿನ ಅಂತರದಿಂದ. ಮುಂದಿನ ಹಂತ ಬುರ್ಗೋಸ್‌ನಲ್ಲಿ ಟೈಮ್ ಟ್ರಯಲ್. ಫಲಿತಾಂಶವನ್ನು ವಿವರಿಸಬೇಕಾಗಿಲ್ಲ. ಮ್ಯಾಡ್ರಿಡ್ ತಲುಪಿದಾಗ ಅರು ಪ್ರಥಮ, ಪುರಿತೊ 57 ಸೆಕೆಂಡು ಹಿಂದೆ ದ್ವಿತೀಯ. ಹೀಗೆ ಮೂರೂ ಮಹಾಸ್ಪರ್ಧೆಗಳ ವೇದಿಕೆಯನ್ನೇರಿ, ಒಟ್ಟು 14 ಹಂತಗಳನ್ನು ಗೆದ್ದು, ಒಂದರಲ್ಲೂ ಮೇಲಿನ ಮೆಟ್ಟಿಲು ಸಿಗದೆ ಉಳಿದರು.

ಅದೇ 2015ರಲ್ಲಿ ಆಂಡೋರಾದಲ್ಲಿ ಹವ್ಯಾಸಿ ಸೈಕಲ್ ಸವಾರರಿಗಾಗಿ ಒಂದು ವಾರ್ಷಿಕ ಯಾತ್ರೆ ಆರಂಭವಾಯಿತು. ಅದಕ್ಕೆ ಇಟ್ಟ ಹೆಸರು ‘ಲಾ ಪುರಿತೊ’. ದಾರಿಬದಿಯಲ್ಲಿ ಪುಕ್ಕಟೆ ನಿಂತು ನೋಡುತ್ತಿದ್ದವರು ಇಲ್ಲಿ ಪ್ರವೇಶ ಶುಲ್ಕ ತೆತ್ತು, ಹೋಟೆಲಿನಲ್ಲಿ ಕೋಣೆ ಹಿಡಿದು, ಅವೇ ಬೆಟ್ಟಗಳನ್ನು ಹತ್ತಲು ಬಂದರು.

2016ರ ಜುಲೈನಲ್ಲಿ, ಟೂರ್ ದ ಫ್ರಾನ್ಸ್‌ನ ವಿಶ್ರಾಂತಿಯ ದಿನ ಅದೇ ಆಂಡೋರಾದಲ್ಲಿ ಬಂದಾಗ, ಆ ವರ್ಷವೇ ತಮ್ಮ ಕೊನೆಯದೆಂದು ಪುರಿತೊ ಪ್ರಕಟಿಸಿದರು. ಆ ಟೂರ್‌ನಲ್ಲಿ ಏಳನೆಯವರಾಗಿ, ರಿಯೊ ಒಲಿಂಪಿಕ್ಸ್‌ನ ರಸ್ತೆ ಸ್ಪರ್ಧೆಯಲ್ಲಿ ಐದನೆಯವರಾಗಿ ಮುಗಿಸಿದರು. ಕೆಲವೇ ತಿಂಗಳಲ್ಲಿ ಮನಸ್ಸು ಬದಲಾಯಿತು. ಹೊಸದಾಗಿ ಹುಟ್ಟುತ್ತಿದ್ದ ‘ಬಹರೈನ್–ಮೆರಿಡಾ’ ತಂಡದ ಒಪ್ಪಂದಕ್ಕೆ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಮನಸ್ಸು ಮತ್ತೆ ಬದಲಾಯಿತು. ಸ್ಪರ್ಧಿಸುವುದಿಲ್ಲ, ತಂಡಕ್ಕೆ ಬೇರೆ ರೀತಿಯಲ್ಲಿ ನೆರವಾಗುತ್ತೇನೆ ಎಂದರು. ಲಾಟರಿಯಿಂದ ತೊಡಗಿದ ಅಂಗಿಗಳ ಸಾಲಿನಲ್ಲಿ ಈ ಕೊನೆಯದರ ಮೇಲಿದ್ದದ್ದು ಒಂದು ಸೈಕಲ್ ಕಂಪನಿಯ ಹೆಸರು. ಅದನ್ನು ತೊಟ್ಟು ಅವರು ಒಂದು ಸ್ಪರ್ಧೆಯನ್ನೂ ಓಡಲಿಲ್ಲ.